ಟಾಮ್ ವಿಲ್ಸ್: ವಂಶ ಮತ್ತು ವಿದ್ಯಾಭ್ಯಾಸ

ವಿಲ್ಸ್, ಥಾಮಸ್ ವೆಂಟ್‌ವರ್ತ್ (1835-1880). ಆಸ್ಟ್ರೇಲಿಯದ ಸ್ವಂತ ಫುಟ್‌ಬಾಲ್ ಕ್ರೀಡೆಯ ಆದ್ಯ ಪ್ರವರ್ತಕರಲ್ಲಿ ಅಗ್ರಗಣ್ಯನು; ತನ್ನ ಕಾಲದ ಶ್ರೇಷ್ಠ ಕ್ರಿಕೆಟ್ ಆಟಗಾರರಲ್ಲಿ ಒಬ್ಬನು. ಜನರು ಅವನನ್ನು ಟಾಮ್ ಎಂದೇ ಕರೆಯುತ್ತಿದ್ದರು. ಅವನ ಮುಂದಿನ ಕೀರ್ತಿಯಷ್ಟೇ ಕುತೂಹಲಕರವಾದುದು ಅವನ ವಂಶದ ವೃತ್ತಾಂತ.

ಪಿತಾಮಹನಾದ ಎಡ್ವರ್ಡ್ ವಿಲ್ಸನು ಇಂಗ್ಲೆಂಡಿನಲ್ಲಿ ಹೆದ್ದಾರಿ ದರೋಡೆಯ ಅಪರಾಧಕ್ಕಾಗಿ ಮರಣದಂಡನೆಗೆ ಗುರಿಯಾಗಿ, ಆ ಶಿಕ್ಷೆಯು ಯಾವಜ್ಜೀವ ಗಡೀಪಾರಾಗಿ ಪರಿವರ್ತಿತವಾದುದರಿಂದ, 1799ರಲ್ಲಿ ಕೈದಿಗಳ ಹಡಗಿನಲ್ಲಿ ಸಿಡ್ನಿಗೆ ಬಂದಿಳಿದನು. ಅವನ ಪತ್ನಿ ಸಾರಾ ಯಾವ ದಂಡನೆಗೂ ಒಳಗಾದವಳಲ್ಲ. ಆದರೂ ಸ್ವೇಚ್ಛೆಯಿಂದ ಪತಿಯೊಡನೆ ಪ್ರಯಾಣಮಾಡಿದಳು. ಕ್ಷಮಾದಾನ ಪಡೆದ ಬಳಿಕ ಈ ದಂಪತಿಗಳು ವಾಣಿಜ್ಯದಿಂದ ವಿಪುಲ ಸಂಪತ್ತನ್ನು ಗಳಿಸಿದರು. 1811ರಲ್ಲಿ ಎಡ್ವರ್ಡ್ ತೀರಿಕೊಂಡ ಕೆಲವು ತಿಂಗಳಿಗೆ ಹುಟ್ಟಿದ ಮಗನೇ ಹೊರೇಷಿಯೊ. ವಿಧವೆಯಾದ ಸಾರಾ ಆಸ್ಟ್ರೇಲಿಯದ ಪ್ರಪ್ರಥಮ ವೃತ್ತಪತ್ರಿಕೆಯಾದ ‘ಸಿಡ್ನಿ ಗೆಜೆಟ್’ನ ಮುದ್ರಕ ಜಾರ್ಜ್ ಹೌನನ್ನು ವಿವಾಹವಾದುದರಿಂದ, ಶಾಲೆಯ ಶಿಕ್ಷಣ ಅಷ್ಟಾಗಿ ದೊರೆಯದ ಹೊರೇಷಿಯೊವಿಗೆ ಮಲತಂದೆಯ ಮುದ್ರಣಾಲಯವೇ ವಿದ್ಯಾಲಯವಾಯಿತು; ಮುಂದೆ ಅವನು ಪತ್ರಿಕಾ ಸಂಪಾದಕನೂ ಆದನು. ‘ಕರೆನ್ಸಿ ಲ್ಯಾಡ್’ ಎಂಬ ಪತ್ರಿಕೆಯಲ್ಲಿ ಅವನು ಎತ್ತಿಹಿಡಿದದ್ದು, ಆ ನೆಲದಲ್ಲಿಯೇ ಹುಟ್ಟಿದವರ ಅಭಿಮಾನವನ್ನು.

ಹೊರೇಷಿಯೊ 1833ರಲ್ಲಿ ಕೈದಿಗಳ ಕುಲದವಳೇ ಆದ ಎಲಿಜಬೆತ್ ಮೆಕ್‌ಗ್ವಾಯರಳನ್ನು ಮದುವೆಯಾದನು. ಇವರ ಜ್ಯೇಷ್ಠಪುತ್ರನು 1835ರ ಆಗಸ್ಟ್ 19ರಂದು ನ್ಯೂ ಸೌತ್ ವೇಲ್ಸಿನ ಮೊಲಾಂಗ್ಲೊ ಬಯಲಿನಲ್ಲಿ ಜನಿಸಿದನು; ರಾಜಕಾರಣಿ ವಿಲಿಯಂ ಚಾರ್ಲ್ಸ್ ವೆಂಟ್‌ವರ್ತನ ಮೇಲಣ ಗೌರವದಿಂದ ತಂದೆ ಆ ಹೆಸರನ್ನು ಶಿಶುವಿಗಿತ್ತನು. 1840ರಲ್ಲಿ ಕುರಿ ದನಗಳ ಮಂದೆಯನ್ನು ಹೊಡೆದುಕೊಂಡು ದಕ್ಷಿಣಾಭಿಮುಖವಾಗಿ ಹೊರಟ ಈ ಸಂಸಾರವು, ಗ್ರ್ಯಾಂಪಿಯನ್ಸ್ ಪರ್ವತಗಳ ತಪ್ಪಲಿನಲ್ಲಿ ನೆಲಸಿ, ತನ್ನ ನೆಲೆಗೆ ಲೆಕ್ಸಿಂಗ್ಟನ್ ಎಂದು ಹೆಸರಿಟ್ಟಿತು.

ಅದು ಜಾಬ್ ವುರುಂಗ್ ಎಂಬ ಮೂಲನಿವಾಸಿಗಳ ನೆಲ. ಬಿಳಿಯರ ಮಕ್ಕಳು ಸುತ್ತಮುತ್ತ ವಿರಳವಾಗಿದ್ದುದರಿಂದ ಟಾಮನು ಆ ಜನರ ಮಕ್ಕಳೊಡನೆಯೇ ಆಡಿ ಬೆಳೆದು, ಅವರ ಭಾಷೆಯನ್ನೂ ಹಾಡುಗಳನ್ನೂ ಕಲಿತನು. ಆ ಜನರ ಚೆಂಡಾಟದಿಂದಲೇ ಹೊಸ ಕ್ರೀಡೆಯ ಬೀಜ ಮೊಳೆಯಿತೆಂಬ ವಾದವು ಇತ್ತೀಚೆಗೆ ಪ್ರಬಲವಾಗಿದೆ; ಸಮಕಾಲೀನವಾದ ಲಿಖಿತ ಸಾಕ್ಷ್ಯ ಅದಕ್ಕೆ ದೊರೆತಿಲ್ಲವಾದರೂ, ವಾದವನ್ನು ಸಾರಾಸಗಟಾಗಿ ತಳ್ಳಿಹಾಕುವುದು ಟಾಮನ ಬಾಲ್ಯವನ್ನು ಬಲ್ಲವರಿಗೆ ಸುಲಭವಲ್ಲ.

1846ರಲ್ಲಿ ಮೆಲ್ಬರ್ನ್ ನಗರದ ಬ್ರಿಕ್‌ವುಡ್ ಶಾಲೆಗೆ ಸೇರಿದ ಟಾಮನನ್ನು, ಹದಿನಾಲ್ಕನೆಯ ವಯಸ್ಸಿನಲ್ಲಿ, 1850ರಲ್ಲಿ, ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳುಹಿಸಲಾಯಿತು. ಮಗನು ಅಲ್ಲಿಂದ ಕೇಂಬ್ರಿಡ್ಜಿಗೆ ಹೋಗಿ, ನ್ಯಾಯಶಾಸ್ತ್ರವನ್ನು ಓದಿ, ಮಾನ್ಯ ವಕೀಲನಾಗಿ ಹಿಂತಿರುಗಬೇಕೆಂಬುದು, ಸ್ವಪ್ರಯತ್ನದಿಂದ ವಿದ್ಯೆ ಗಳಿಸಿದ ತಂದೆಯ ಆಕಾಂಕ್ಷೆ. ಪ್ರಸಿದ್ಧ ಶಿಕ್ಷಣವೇತ್ತ ಥಾಮಸ್ ಆರ್ನಲ್ಡನು ಗತಿಸಿ ಎಂಟು ವರ್ಷಗಳಾಗಿದ್ದರೂ ಆ ಶಾಲೆಯಲ್ಲಿ ಅವನ ಪ್ರಭಾವ ಅಳಿದಿರಲಿಲ್ಲ. ಹಿರಿಯ ವಿದ್ಯಾರ್ಥಿಗಳೇ ಕಿರಿಯರನ್ನು ಆಳುವ ಪದ್ಧತಿಯೂ, ವಿದ್ಯಾರ್ಥಿಗಳು 1845ರಲ್ಲಿ ತಾವಾಗಿಯೇ ಬರೆದಿಟ್ಟ ಫುಟ್‌ಬಾಲ್ ನಿಯಮಗಳೂ ಅಲ್ಲಿ ನೆಲೆಯೂರಿದ್ದುವು. ಕ್ರೀಡೆಯ ನಿಯಮಗಳನ್ನು ಆಡುವವರೇ ರಚಿಸಬಹುದು, ಬೇಡವಾದಾಗ ತಿದ್ದಬಹುದು ಎಂಬ ಅರಿವೇ ಆ ಶಾಲೆಯಿಂದ ಟಾಮನಿಗೆ ದೊರೆತ ಮುಖ್ಯ ಲಾಭವೆಂದು ನಮಗೆ ತೋರುತ್ತದೆ. ಓದಿನಲ್ಲಿ ಅವನು ತಂದೆಯನ್ನು ನಿರಾಶೆಗೊಳಿಸಿದನು. ಕ್ರಿಕೆಟಿನಲ್ಲಾದರೋ ಶಾಲೆಯ ತಂಡಕ್ಕೆ ನಾಯಕನಾದನು. ವಿಶ್ವವಿದ್ಯಾನಿಲಯದ ವ್ಯಾಸಂಗ ಕೈಗೂಡಲಿಲ್ಲ. ಆದರೆ 1856ರಲ್ಲಿ ಆಕ್ಸ್‌ಫರ್ಡಿನ ವಿರುದ್ಧ ಕೇಂಬ್ರಿಡ್ಜಿನ ಪರವಾಗಿ ಅವನು ಕ್ರಿಕೆಟ್ ಆಡಿದ್ದುಂಟು! ಅದೇ ವರ್ಷದ ಡಿಸೆಂಬರಿನಲ್ಲಿ ಸ್ವದೇಶಕ್ಕೆ ಮರಳಿದನು.

1858ರ ಜುಲೈ ತಿಂಗಳಲ್ಲಿ, ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡವಾಗದಂತೆ ಫುಟ್‌ಬಾಲ್ ಸಂಘವೊಂದನ್ನು ಕಟ್ಟಬೇಕೆಂದು ಅವನು ಮೆಲ್ಬರ್ನಿನ ಪತ್ರಿಕೆಯೊಂದಕ್ಕೆ ಬರೆದನು. ಆಗಸ್ಟ್ 7ರಂದು ಸ್ಕಾಚ್ ಕಾಲೇಜು ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಗಳ ನಡುವೆ ಆರಂಭವಾದ ಪಂದ್ಯಕ್ಕೆ ತೀರ್ಪುಗಾರರಾಗಿದ್ದವರಲ್ಲಿ ಅವನೂ ಒಬ್ಬನು. 1859ರ ಮೇ 17ರಂದು ಮೆಲ್ಬರ್ನ್ ಸಂಘದ ನಿಯಮಗಳನ್ನು ಬರೆಯಲು ಕುಳಿತಾಗ ರಗ್ಬಿ ಶಾಲೆಯ ಆಟವನ್ನೇ ಅನುಸರಿಸಬೇಕೆಂದು ಅವನು ವಾದಿಸಿದನು. ಹ್ಯಾಮರ್ಸ್ಲಿ, ಥಾಂಪ್ಸನ್ ಮುಂತಾದ ಸಂಗಡಿಗರಿಗೆ ಆ ನಿಯಮಗಳು ಜಟಿಲವಾಗಿ ಕಂಡುವು. ಅಂದು ಅಂಗೀಕೃತವಾದ ಹತ್ತು ನಿಯಮಗಳು, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವ ರಗ್ಬಿಯ ರೂಢಿಯನ್ನು ನಿಷೇಧಿಸಿ, ನೆಲದಮೇಲಿನ ಚೆಂಡನ್ನು ಕೈಯಿಂದ ಎತ್ತುವುದನ್ನೂ ತಡೆದುವು.