ಉಪ್ಪುನೀರಿನ ಸರೋವರಕ್ಕೆ ಹಕ್ಕು ಸಿಕ್ಕಿದ್ದು

ಮೊನ್ನೆ ಸಂಜೆ ಮುಸುಕಿನ ಜೋಳಕ್ಕೆ ಯೂರಿಯಾ ಹಾಕಿ ಮನೆಗೆ ಬಂದೆ, ರಾತ್ರಿ ಒಂದೇ ಸಮ ಮಳೆ ಹೊಡೀತು. ಬೆಳಿಗ್ಗೆ ನೋಡಿದರೆ ಬದು ಒಡೆದು ನೀರೆಲ್ಲ ಹಳ್ಳ ಸೇರಿ ಕೆರೆ ಕಡೆ ಹೋಗ್ತಿದೆ. ಒಂದು ಮೂಟೆ ದುಡ್ಡು ಹೋಯ್ತಲ್ಲ ಅಂತ ಹೊಟ್ಟೆ ಉರೀತು. ಆಮೇಲೆ ಇನ್ನೊಂದು ಯೋಚನೆ ಬಂತು, ಯಾಕಂದ್ರೆ ಕೆಲವು ದಿನದಿಂದ ಸ್ಪೇನ್ ದೇಶದ ಒಂದು ಸರೋವರದ ವಿಷಯ ಓದ್ತಾ ಇದೀನಿ. ಅದು ರೈತರ ಕಥೆಯೂ ಹೌದು, ಅದಕ್ಕೇ ಬರೀತಿದೀನಿ.

ಸರೋವರದ ಹೆಸರು ಮಾರ್ ಮೆನೋರ್. ಚಿಕ್ಕ ಸಮುದ್ರ ಅಂತ ಅರ್ಥ. ಮುರ್ಸಿಯಾ ಪ್ರಾಂತ್ಯದಲ್ಲಿದೆ. ಸುಮಾರು 135 ಚದರ ಕಿಲೋಮೀಟರ್ ಉಪ್ಪುನೀರು, ಆಳ ಹೆಚ್ಚೆಂದರೆ 7 ಮೀಟರ್. ಒಂದು ಕಡೆ ಮರಳಿನ ದಿಬ್ಬ, ಅದರಾಚೆ ಮೆಡಿಟರೇನಿಯನ್ ಸಮುದ್ರ. ಇನ್ನೊಂದು ಕಡೆ ಕಾರ್ತಹೆನಾ ಬಯಲು. ಮಳೆ ನಮ್ಮ ಚಳ್ಳಕೆರೆಗಿಂತಲೂ ಕಡಿಮೆ, ಹಾಗಾಗಿ ಮೊದಲು ಒಣಬೇಸಾಯ. 1979ರಲ್ಲಿ ದೂರದ ತಾಹೋ ನದಿಯ ನೀರನ್ನು ಇತ್ತ ತಿರುಗಿಸಿದರು. ಆಮೇಲೆ ಕೇಳಬೇಕೆ! ಲೆಟ್ಯೂಸು, ಬ್ರಾಕೊಲಿ, ಕರಬೂಜ, ನಿಂಬೆ, ವರ್ಷಪೂರ್ತಿ ಬೆಳೆ, ಯೂರೋಪಿನ ಅಂಗಡಿಗಳಿಗೆಲ್ಲ ಮಾಲು. ನೀರು ಬಂದ ಮೇಲೆ ಯಾವ ರೈತ ಸುಮ್ಮನೆ ಕೂರ್ತಾನೆ? ನಾವಾದರೂ ಅದನ್ನೇ ಮಾಡ್ತಿದ್ವಿ.

ಹಾಕಿದ ಗೊಬ್ಬರದಲ್ಲಿ ಬೆಳೆ ತಿಂದು ಉಳಿದಿದ್ದು ಅಂತರ್ಜಲಕ್ಕೂ ಹಳ್ಳಕ್ಕೂ ಇಳಿದು ಸರೋವರ ಸೇರ್ತು. ಗೊಬ್ಬರ ಹೊಲದಲ್ಲಿ ಮಾಡೋ ಕೆಲಸವನ್ನೇ ನೀರಲ್ಲೂ ಮಾಡುತ್ತೆ, ಪಾಚಿ ಬೆಳೆಸುತ್ತೆ. 2016ರಲ್ಲಿ ನೀರು ಹಸಿರು ಗಂಜಿ ಆಯ್ತು. ಬಿಸಿಲು ತಳ ಮುಟ್ಟದೆ, ತಳದಲ್ಲಿದ್ದ ಹುಲ್ಲು ಬಹುಪಾಲು ಸತ್ತಿತು. ಸತ್ತಿದ್ದು ಕೊಳೆಯೋವಾಗ ನೀರಿನ ಆಮ್ಲಜನಕ ಎಲ್ಲ ಹೀರುತ್ತೆ. 2019ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಮಳೆ ಬಂತು, ಅಕ್ಟೋಬರ್‌ನಲ್ಲಿ ಮೀನು, ಸಿಗಡಿ ಉಸಿರಿಗಾಗಿ ದಡಕ್ಕೇ ಬಂದು ರಾಶಿ ಬಿದ್ದು ಸತ್ತವು. 2021ರ ಆಗಸ್ಟ್‌ನಲ್ಲಿ ಮತ್ತೆ. ರೈತರೊಬ್ಬರದೇ ತಪ್ಪು ಅನ್ನಬೇಡಿ, ಊರುಗಳ ಕೊಳಚೆ, ಹಳೇ ಗಣಿಗಳ ಕಸವೂ ಸೇರಿತ್ತು. ಆದರೆ ದೊಡ್ಡ ಪಾಲು ಹೊಲದ ನೈಟ್ರೇಟ್‌ದೇ, ಅದನ್ನ ಮುಚ್ಚಿಡೋಕೆ ಆಗಲ್ಲ.

ಕಾನೂನು ಇರಲಿಲ್ಲವಾ ಅಂದ್ರೆ, ಇತ್ತು. 1994ರಲ್ಲೇ ಅದು ರಾಮ್ಸರ್ ಪಟ್ಟಿ ಸೇರಿತ್ತು. ಕಾಗದದಲ್ಲಿ ಭದ್ರವಾಗಿತ್ತು, ನೀರಲ್ಲಿ ಇರಲಿಲ್ಲ. ಆಗ ಮುರ್ಸಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ತೆರೆಸಾ ವಿಸೆಂತೆ, ಸರೋವರಕ್ಕೇ ಹಕ್ಕು ಕೊಡಿ ಅಂತ ಹೊರಟರು. ಅಲ್ಲಿ 5 ಲಕ್ಷ ಜನ ಸಹಿ ಹಾಕಿದರೆ ಮಸೂದೆಯನ್ನು ಸಂಸತ್ತಿನ ಮುಂದೆ ಇಡಬಹುದು. ಕೊರೋನಾ ಕಾಲದಲ್ಲೂ 6 ಲಕ್ಷಕ್ಕೂ ಮೀರಿ ಸಹಿ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಕಾನೂನು ಪಾಸಾಯ್ತು, ಯೂರೋಪಿನಲ್ಲಿ ಇಂಥದ್ದು ಮೊದಲನೇದು. ಸರೋವರಕ್ಕೆ ಬದುಕೋ ಹಕ್ಕು, ಹಾಳಾಗಿದ್ದನ್ನ ಸರಿ ಮಾಡಿಸಿಕೊಳ್ಳೋ ಹಕ್ಕು. ಮುಖ್ಯವಾದ ಮಾತು ಇದು: ಯಾರು ಬೇಕಾದರೂ ಅದರ ಪರವಾಗಿ ಕೋರ್ಟಿಗೆ ಹೋಗಬಹುದು, ನನಗೇನು ನಷ್ಟ ಆಯ್ತು ಅಂತ ತೋರಿಸಬೇಕಿಲ್ಲ. ಒಂದು ರಾಜಕೀಯ ಪಕ್ಷ ಇದನ್ನ ಪ್ರಶ್ನೆ ಮಾಡಿತ್ತು, 2024ರ ನವೆಂಬರ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಕಾನೂನನ್ನೇ ಎತ್ತಿ ಹಿಡೀತು. ಹಕ್ಕು ಬಂದ ಮಾತ್ರಕ್ಕೆ ನೀರು ತಿಳಿಯಾಗಲಿಲ್ಲ, ಅದೂ ನಿಜ.

ನೀರಿಗೆ ಎಂಥ ಹಕ್ಕು ಅಂತ ನಗಬೇಡಿ. ನಮ್ಮಲ್ಲಿ ದೇವರ ಹೆಸರಿಗೆ ಪಹಣಿ ಇದೆ, ದೇವರ ಹೆಸರಲ್ಲಿ ಕೇಸು ನಡೆಯುತ್ತೆ. 2017ರ ಮಾರ್ಚ್‌ನಲ್ಲಿ ಉತ್ತರಾಖಂಡ ಹೈಕೋರ್ಟು ಗಂಗೆ ಯಮುನೆಗೂ ಹಾಗೇ ವ್ಯಕ್ತಿಯ ಸ್ಥಾನ ಕೊಟ್ಟಿತ್ತು. ಪ್ರವಾಹ ಬಂದರೆ ಪರಿಹಾರ ಯಾರು ಕೊಡೋದು ಅಂತ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು, ಜುಲೈನಲ್ಲಿ ತಡೆ ಬಿತ್ತು.

ನಮ್ಮ ಕೆರೆಗೆ ಅಂಥ ಹಕ್ಕು ಬಂದರೆ ಮೊದಲ ನೋಟಿಸು ಯಾರ ಮನೆಗೆ ಬರುತ್ತೆ ಅಂತ ಮೊನ್ನೆ ಬದು ಮೇಲೆ ನಿಂತು ಲೆಕ್ಕ ಹಾಕಿದೆ. ಹಳ್ಳ ಕೆರೆಗೆ ಸೇರೋ ಜಾಗದ ಕೊನೇ ಹೊಲ ನಂದೇ.