ಮನೆಯ ನಲ್ಲಿಗಳಲ್ಲಿ ನೀರಿನ ಹರಿವು ಕುಂಠಿತವಾದಾಗ: ದೂರು ಸಲ್ಲಿಸುವ ಮುನ್ನ ಗ್ರಾಹಕರು ಪರಿಶೀಲಿಸಬೇಕಾದ ಅಂಶಗಳು

ಬೆಂಗಳೂರು ನಗರದ ಗೃಹಬಳಕೆಯ ನೀರಿನ ಸಂಪರ್ಕಗಳಿಗೆ ಸಂಬಂಧಿಸಿದಂತೆ “ನೀರು ಬರುತ್ತಿಲ್ಲ” ಅಥವಾ “ನೀರು ಬಹಳ ಸಣ್ಣಗೆ ಬರುತ್ತಿದೆ” ಎಂದು ಸಲ್ಲಿಕೆಯಾಗುವ ದೂರುಗಳಿಗೆ ಕಾರಣವು ಕೆಲವೊಮ್ಮೆ ರಸ್ತೆಯ ಕೊಳವೆಯಲ್ಲಿದ್ದರೆ, ಕೆಲವೊಮ್ಮೆ ಮನೆಯೊಳಗಿನ ಜೋಡಣೆಯಲ್ಲಿರುತ್ತದೆ. ಇವೆರಡನ್ನೂ ಬೇರ್ಪಡಿಸದೆ ದೂರು ದಾಖಲಿಸಿದಲ್ಲಿ ಸಿಬ್ಬಂದಿಯು ಸ್ಥಳಕ್ಕೆ ಬಂದು ಮಾಪಕದವರೆಗೆ ನೀರು ಸರಿಯಾಗಿದೆ ಎಂದು ನಮೂದಿಸಿ ಹಿಂದಿರುಗುವುದೂ, ಗ್ರಾಹಕರು ಮತ್ತೆ ದೂರು ನೀಡುವುದೂ ಆಗಿ ದಿನಗಳು ವ್ಯರ್ಥವಾಗುತ್ತವೆ. ಆದುದರಿಂದ ಮನೆಯವರೇ ಸುಲಭವಾಗಿ ಮಾಡಬಹುದಾದ ಪರೀಕ್ಷೆಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ದೋಷವು ಮಾಪಕದ ಯಾವ ಬದಿಯಲ್ಲಿದೆ?

ಮೊದಲು ತಿಳಿಯಬೇಕಾದುದು ಇದೊಂದೇ. ಅಡುಗೆಮನೆಯ ಅಥವಾ ಸ್ನಾನಗೃಹದ ನಲ್ಲಿಯನ್ನು ನೋಡಿ ಇದನ್ನು ನಿರ್ಧರಿಸಲು ಬರುವುದಿಲ್ಲ. ಅಲ್ಲಿಗೆ ಬರುವ ನೀರು ಸಾಮಾನ್ಯವಾಗಿ ಮೇಲ್ತೊಟ್ಟಿಯಿಂದ ಇಳಿದು ಬಂದದ್ದಾಗಿರುತ್ತದೆ. ನೀರು ಬಿಡುವ ದಿನ ಮತ್ತು ವೇಳೆಯಲ್ಲಿ, ಮಾಪಕದ ನಂತರ ಸಂಪಿಗೆ ನೀರು ಬೀಳುವ ಸ್ಥಳದಲ್ಲಿ ಅಥವಾ ಅಂಗಳದಲ್ಲಿ ನೇರ ಸಂಪರ್ಕದ ನಲ್ಲಿಯಿದ್ದರೆ ಅದರಲ್ಲಿ ಪರೀಕ್ಷಿಸತಕ್ಕದ್ದು. ಅಳತೆ ತಿಳಿದಿರುವ ಒಂದು ಬಕೆಟ್ಟನ್ನು ಹಿಡಿದು ಅದು ತುಂಬಲು ತಗಲುವ ಕಾಲವನ್ನು ಗಡಿಯಾರದಲ್ಲಿ ನೋಡಿಕೊಳ್ಳಬೇಕು. 15 ಲೀಟರಿನ ಬಕೆಟ್ಟು 1 ನಿಮಿಷದಲ್ಲಿ ತುಂಬಿದರೆ ಹರಿವು ಗಂಟೆಗೆ 900 ಲೀಟರ್. 5 ನಿಮಿಷ ಹಿಡಿದರೆ ಗಂಟೆಗೆ 180 ಲೀಟರ್ ಮಾತ್ರ. ಈ ಅಂಕಿಯನ್ನು ಬರೆದಿಟ್ಟುಕೊಳ್ಳುವುದು ಉತ್ತಮ. “ಸಣ್ಣಗೆ ಬರುತ್ತಿದೆ” ಎಂಬ ಮಾತಿಗಿಂತ “ಎರಡು ತಿಂಗಳ ಹಿಂದೆ 1 ನಿಮಿಷದಲ್ಲಿ ತುಂಬುತ್ತಿದ್ದುದು ಈಗ 5 ನಿಮಿಷ ತೆಗೆದುಕೊಳ್ಳುತ್ತಿದೆ” ಎಂಬ ದೂರಿಗೆ ಹೆಚ್ಚಿನ ಬೆಲೆಯಿರುತ್ತದೆ.

ಅಕ್ಕಪಕ್ಕದ ಎರಡು ಮನೆಗಳಲ್ಲಿಯೂ ವಿಚಾರಿಸುವುದು. ಇಡೀ ಸಾಲಿನಲ್ಲಿ ನೀರು ಕಡಿಮೆಯಿದ್ದರೆ ಅದು ಸರಬರಾಜಿಗೆ ಅಥವಾ ರಸ್ತೆಯ ಕೊಳವೆಗೆ ಸಂಬಂಧಿಸಿದ್ದು. ನೆರೆಯವರಿಗೆ ಚೆನ್ನಾಗಿ ಬರುತ್ತಿದ್ದು ನಿಮ್ಮ ಮನೆಗೆ ಮಾತ್ರ ಬಾರದಿದ್ದರೆ ದೋಷವು ನಿಮ್ಮ ಸಂಪರ್ಕದಲ್ಲಿದೆ. ಸಂಪಿಗೆ ಚೆನ್ನಾಗಿ ಬಿದ್ದು ಮಹಡಿಯ ನಲ್ಲಿಗಳಲ್ಲಿ ಮಾತ್ರ ಬಾರದಿದ್ದರೆ ಮಂಡಳಿಗೆ ದೂರು ಸಲ್ಲಿಸುವ ಅಗತ್ಯವಿಲ್ಲ, ಪ್ಲಂಬರ್ ಸಾಕು.

ರಸ್ತೆಯ ಬದಿಯ ಕಾರಣಗಳು

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ ಮತ್ತು ತಾತಗುಣಿ ಎಂಬ ಮೂರು ಕಡೆ ಪಂಪ್ ಮಾಡಿ ಅದನ್ನು ಸುಮಾರು 500 ಮೀಟರ್ ಮೇಲಕ್ಕೆತ್ತಬೇಕಾಗಿದೆ. 1974ರಲ್ಲಿ ಮೊದಲನೆಯ ಹಂತ ಕಾರ್ಯಾರಂಭ ಮಾಡಿದಂದಿನಿಂದ 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತ ಲೋಕಾರ್ಪಣೆಯಾಗುವವರೆಗೆ ಈ ಕ್ರಮ ಬದಲಾಗಿಲ್ಲ. ಆದುದರಿಂದ ಯಾವುದಾದರೊಂದು ಪಂಪಿಂಗ್ ಕೇಂದ್ರದಲ್ಲಿ ಕೆಲವು ಗಂಟೆ ವಿದ್ಯುತ್ ಕಡಿತವಾದರೂ ಅದರ ಪರಿಣಾಮ ನಗರದ ಬಡಾವಣೆಗಳಲ್ಲಿ ತೋರುತ್ತದೆ. ಎತ್ತರದ ಪ್ರದೇಶಗಳಿಗೂ ಕೊಳವೆಯ ಕೊನೆಯ ಮನೆಗಳಿಗೂ ಸರಬರಾಜು ತಡವಾಗಿ ಸರಿಹೋಗುತ್ತದೆ. ಒಂದು ಸರದಿ ತಪ್ಪಿದೊಡನೆ ಮನೆಯ ಕೊಳವೆಗಳನ್ನು ಬಿಚ್ಚಿಸುವ ಮೊದಲು ಮುಂದಿನ ಸರದಿಯವರೆಗೆ ಕಾಯುವುದು ಲೇಸು.

ಒಂದೇ ಮನೆಗೆ ಹರಿವು ಕಡಿಮೆಯಾದಾಗ ನೋಡಬೇಕಾದ ಸ್ಥಳಗಳು ನಾಲ್ಕು. ಮುಖ್ಯ ಕೊಳವೆಯಿಂದ ಮನೆಯ ಸಂಪರ್ಕ ಹೊರಡುವಲ್ಲಿರುವ ಹಿತ್ತಾಳೆಯ ಫೆರೂಲ್‌ನಲ್ಲಿ ತುಕ್ಕು ಅಥವಾ ಮರಳು ಕಟ್ಟಿಕೊಂಡಿರಬಹುದು. ಫೆರೂಲಿನಿಂದ ಮಾಪಕದವರೆಗಿನ ಜಿ.ಐ. ಪೈಪು ಒಳಗೆ ತುಕ್ಕು ಹಿಡಿದು ಕಿರಿದಾಗಿರಬಹುದು ಅಥವಾ ಎಲ್ಲಿಯಾದರೂ ಒಡೆದಿರಬಹುದು. ಮಾಪಕದ ಒಳಬಾಯಿಯ ಜರಡಿಯಲ್ಲಿ ಕಸ ಸೇರಿರಬಹುದು. ಮಾಪಕದ ಬಳಿಯ ಗೇಟ್ ವಾಲ್ವ್ ಅರ್ಧ ಮುಚ್ಚಿರಬಹುದು. ಹಿಡಿ ತಿರುಗುತ್ತಿದ್ದರೂ ಒಳಗಿನ ತಟ್ಟೆ ಕಳಚಿ ಕೆಳಗೆ ಬಿದ್ದಿರುವುದೂ ಉಂಟು.

ತುಕ್ಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಹಳೆಯ ಬಡಾವಣೆಗಳಲ್ಲಿ ಇದೇ ಹೆಚ್ಚು. ಕೊಳವೆಯ ಒಳವ್ಯಾಸ ಅರ್ಧಕ್ಕಿಳಿದರೆ ಹರಿವು ಅರ್ಧಕ್ಕಿಳಿಯುವುದಿಲ್ಲ. ಅದೇ ಒತ್ತಡದಲ್ಲಿ ಸುಮಾರು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ 15 ಮಿ.ಮೀ. ಪೈಪನ್ನು ಕತ್ತರಿಸಿ ನೋಡಿದಾಗ ಪೆನ್ಸಿಲ್ ತೂರುವಷ್ಟು ಮಾತ್ರ ರಂಧ್ರ ಉಳಿದಿರುವುದು ಅಪರೂಪವಲ್ಲ. ಇಂತಹ ಪೈಪನ್ನು ತಟ್ಟಿ, ಊದಿ ಶುಚಿಗೊಳಿಸುವುದರಿಂದ ಕೆಲವು ವಾರಗಳ ಉಪಶಮನ ದೊರೆಯಬಹುದೇ ಹೊರತು ಪೈಪು ಬದಲಾಯಿಸದೆ ಬೇರೆ ದಾರಿಯಿಲ್ಲ. ಹರಿವು ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಕುಗ್ಗುತ್ತಾ ಬಂದಿದ್ದರೆ ತುಕ್ಕನ್ನು ಶಂಕಿಸಬೇಕು. ಒಂದೇ ದಿನದಲ್ಲಿ ಕುಸಿದಿದ್ದರೆ, ಅದರಲ್ಲಿಯೂ ರಸ್ತೆಯಲ್ಲಿ ಕೇಬಲ್ ಅಥವಾ ಚರಂಡಿಗಾಗಿ ಅಗೆತ ನಡೆದಿದ್ದರೆ, ಪೈಪು ಒಡೆದಿರುವ ಇಲ್ಲವೇ ಕಸ ಸಿಕ್ಕಿಕೊಂಡಿರುವ ಸಂಭವವೇ ಹೆಚ್ಚು. 2007ರಲ್ಲಿ ನಗರಕ್ಕೆ ಸೇರ್ಪಡೆಯಾದ 110 ಹಳ್ಳಿಗಳ ಹೊಸ ಸಂಪರ್ಕಗಳಲ್ಲಿ ತುಕ್ಕಿಗಿಂತ ಮೊದಲು ಮಾಪಕದ ಜರಡಿಯನ್ನು ನೋಡುವುದು ಸೂಕ್ತ, ಏಕೆಂದರೆ ಹೊಸದಾಗಿ ಹಾಕಿದ ಕೊಳವೆಯಲ್ಲಿ ಉಳಿದ ಮಣ್ಣು ಮರಳು ಮೊದಲು ಬಂದು ನಿಲ್ಲುವುದು ಅಲ್ಲಿ.

ಫೆರೂಲ್ ಮತ್ತು ಮಾಪಕದ ಕೆಲಸವನ್ನು ಗ್ರಾಹಕರು ತಾವಾಗಿ ಕೈಗೊಳ್ಳತಕ್ಕದ್ದಲ್ಲ. ಮಾಪಕದ ಮೊಹರನ್ನು ಮುರಿಯುವುದು, ರಸ್ತೆಯನ್ನು ಅಗೆಯುವುದು, ಮುಖ್ಯ ಕೊಳವೆಗೆ ಕೈಹಾಕುವುದು ನಿಯಮಬಾಹಿರ. ಗ್ರಾಹಕರು ಮಾಡಬಹುದಾದ ಒಂದು ಪರೀಕ್ಷೆಯೆಂದರೆ, ನೀರು ಬಿಟ್ಟಿರುವಾಗ ಮನೆಯ ಎಲ್ಲ ನಲ್ಲಿಗಳನ್ನೂ ಸಂಪಿನ ಒಳಬಾಯಿಯ ವಾಲ್ವನ್ನೂ ಮುಚ್ಚಿ ಮಾಪಕವನ್ನು ಗಮನಿಸುವುದು. ಮುಳ್ಳು ಆಗಲೂ ತಿರುಗುತ್ತಿದ್ದರೆ ಮಾಪಕದಿಂದೀಚೆಗೆ ಸೋರಿಕೆಯಿದೆ, ಆ ಸೋರಿಕೆಯ ನೀರಿಗೂ ಬಿಲ್ಲು ಬರುತ್ತಿದೆ ಎಂದು ತಿಳಿಯುವುದು. ನೀರು ಬಿಟ್ಟ ಮೊದಲ ನಿಮಿಷಗಳಲ್ಲಿ ಖಾಲಿ ಕೊಳವೆಯ ಗಾಳಿಯಿಂದಲೂ ಮುಳ್ಳು ಓಡಬಹುದಾದ್ದರಿಂದ ಈ ಪರೀಕ್ಷೆಯನ್ನು ಸ್ವಲ್ಪ ಹೊತ್ತು ಬಿಟ್ಟು ಮಾಡುವುದು.

ಕೊಳವೆಗೆ ನೇರವಾಗಿ ಮೋಟಾರು ಜೋಡಿಸುವುದನ್ನು ನಿಷೇಧಿಸಲಾಗಿದೆ

ನೀರು ಸಣ್ಣಗೆ ಬಂದಾಗ ಸರಬರಾಜು ಕೊಳವೆಗೆ ಮೋಟಾರನ್ನು ಸೇರಿಸಿ ಎಳೆದುಕೊಳ್ಳುವ ರೂಢಿ ಕೆಲವೆಡೆ ಕಂಡುಬಂದಿದೆ. ಇದು ಶಿಕ್ಷಾರ್ಹವೆಂಬುದಕ್ಕಿಂತಲೂ ಅಪಾಯಕರವೆಂಬುದನ್ನು ಗಮನಿಸಬೇಕು. ಕೊಳವೆಯಲ್ಲಿ ಒತ್ತಡವಿರುವವರೆಗೆ ಬಿರುಕಿದ್ದರೂ ನೀರು ಹೊರಕ್ಕೆ ಸೋರುತ್ತದೆಯೇ ವಿನಾ ಹೊರಗಿನದು ಒಳಕ್ಕೆ ಬರುವುದಿಲ್ಲ. ಮೋಟಾರು ಎಳೆದಾಗ ಕೊಳವೆಯೊಳಗಿನ ಒತ್ತಡ ಹೊರಗಿನ ಒತ್ತಡಕ್ಕಿಂತ ಕಡಿಮೆಯಾಗಿ, ಸುತ್ತಲಿನ ಮಣ್ಣಿನಲ್ಲಿ ನಿಂತ ನೀರು ಸಡಿಲವಾದ ಸಂದುಗಳ ಮೂಲಕ ಒಳಸೇರುತ್ತದೆ. ಹಳೆಯ ಬೀದಿಗಳಲ್ಲಿ ಕುಡಿಯುವ ನೀರಿನ ಕೊಳವೆ ಮತ್ತು ಒಳಚರಂಡಿ ಒಂದರ ಪಕ್ಕದಲ್ಲೊಂದು ಹಾದುಹೋಗಿರುತ್ತವೆ. ಕಾಲರಾ, ವಿಷಮಶೀತ ಜ್ವರ, ಕಾಮಾಲೆ ಹರಡುವುದು ಹೀಗೆಯೇ. ಮೋಟಾರು ಹಾಕಿದವರ ಮನೆಗಷ್ಟೇ ಅಲ್ಲ, ಆ ಸಾಲಿನ ಎಲ್ಲರ ಮನೆಗೂ. ಸ್ವಂತ ಸಂಪಿನಿಂದ ಮೇಲ್ತೊಟ್ಟಿಗೆ ನೀರೆತ್ತುವುದಕ್ಕೆ ಅಥವಾ ಮೇಲ್ತೊಟ್ಟಿಯ ನಂತರ ಒತ್ತಡ ಹೆಚ್ಚಿಸುವ ಸಣ್ಣ ಪಂಪಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ಸಂಪು ಮತ್ತು ಮೋಟಾರು

ಸಂಪಿನ ಒಳಬಾಯಿಯಲ್ಲಿ ಬಾಲ್ ವಾಲ್ವ್ ಇದ್ದಲ್ಲಿ ಅದರ ಚೆಂಡು ಎಲ್ಲಿಯಾದರೂ ಸಿಲುಕಿ ವಾಲ್ವ್ ಅರ್ಧ ಮುಚ್ಚಿಕೊಂಡಿದೆಯೇ ಎಂದು ನೋಡುವುದು. ಕೆಲವು ರೂಪಾಯಿಗಳ ಈ ದೋಷಕ್ಕೆ ರಸ್ತೆ ಅಗೆಯಲು ಅರ್ಜಿ ಹಾಕುವಂತಾಗಬಾರದು.

ಮೋಟಾರು ಓಡುತ್ತಿದ್ದರೂ ಮೇಲ್ತೊಟ್ಟಿಗೆ ನೀರು ಏರದಿದ್ದರೆ ಸಾಮಾನ್ಯವಾಗಿ ಎಳೆಯುವ ಪೈಪಿನ ತುದಿಯ ಫೂಟ್ ವಾಲ್ವ್ ಕಾರಣ. ಮೋಟಾರಿನ ಬಾಯಿಗೆ ನೀರು ತುಂಬಿಸಿ ಐದು ನಿಮಿಷ ಬಿಟ್ಟು ನೋಡಿದಾಗ ನೀರು ಕೆಳಗಿಳಿದಿದ್ದರೆ ಫೂಟ್ ವಾಲ್ವ್ ಸೋರುತ್ತಿದೆ ಅಥವಾ ಪೈಪಿನ ಸಂದು ಗಾಳಿ ಎಳೆಯುತ್ತಿದೆ. ನೀರು ನಿಂತೇ ಇದ್ದು ಹರಿವು ಮಾತ್ರ ಕಡಿಮೆಯಿದ್ದರೆ ಫೂಟ್ ವಾಲ್ವಿನ ಜರಡಿಯಲ್ಲಿ ಕಸ, ಮೋಟಾರಿನ ಒಳಚಕ್ರದಲ್ಲಿ ನಾರು ಅಥವಾ ವಿದ್ಯುತ್ತಿನ ವೋಲ್ಟೇಜ್ ಕೊರತೆ ಇರಬಹುದು. ಮೇಲೆ ಕೂರಿಸಿದ ಮೋಟಾರು ನೀರನ್ನು ಸುಮಾರು 7 ಮೀಟರಿಗಿಂತ ಹೆಚ್ಚು ಆಳದಿಂದ ಎಳೆಯಲಾರದು. ನೀರಿಲ್ಲದೆ ಮೋಟಾರನ್ನು ಓಡಲು ಬಿಟ್ಟರೆ ಅದರ ಸೀಲು ಸುಟ್ಟುಹೋಗುತ್ತದೆ.

ಸಂಪಿಗೆ ಕೈ ಹಾಕುವ ಮುನ್ನ ಮೋಟಾರಿನ ಸ್ವಿಚ್ಚನ್ನಲ್ಲ, ಮನೆಯ ಮೇನ್ ಸ್ವಿಚ್ಚನ್ನೇ ಆರಿಸತಕ್ಕದ್ದು. ಸಬ್‌ಮರ್ಸಿಬಲ್ ಮೋಟಾರಿನ ತಂತಿಯ ಹೊದಿಕೆ ಹರಿದಿದ್ದಲ್ಲಿ ಇಡೀ ಸಂಪಿನ ನೀರಿಗೆ ವಿದ್ಯುತ್ ಹರಿದು ಪ್ರಾಣಾಪಾಯ ಸಂಭವಿಸುತ್ತದೆ. ಬಹುಕಾಲ ಮುಚ್ಚಿದ್ದ ಆಳವಾದ ಸಂಪಿನೊಳಗೆ ಆಮ್ಲಜನಕ ಸಾಕಷ್ಟಿರುವುದಿಲ್ಲ. ಮುಚ್ಚಳ ತೆರೆದು ಗಾಳಿಯಾಡಲು ಬಿಡದೆ, ಮೇಲೆ ಇನ್ನೊಬ್ಬರಿಲ್ಲದೆ ಯಾರನ್ನೂ ಒಳಗೆ ಇಳಿಸಬಾರದು. ಇಳಿದವರು ಕುಸಿದಾಗ ಎತ್ತಲೆಂದು ಹಿಂದೆಯೇ ಇಳಿದವರೂ ಸಾವಿಗೀಡಾಗುವುದು ಇಂತಹ ದುರಂತಗಳ ಸಾಮಾನ್ಯ ಸ್ವರೂಪ. ಕೆಲಸದ ನಡುವೆ ಮುಚ್ಚಳ ತೆರೆದಿಟ್ಟು ಹೋಗುವುದು ಮನೆಯ ಚಿಕ್ಕ ಮಕ್ಕಳಿಗೆ ಅಪಾಯ.

ಮೇಲ್ತೊಟ್ಟಿಯಿಂದ ನಲ್ಲಿಯವರೆಗೆ

ಒಂದೇ ನಲ್ಲಿಯಲ್ಲಿ ನೀರು ಸಣ್ಣಗಾಗಿದ್ದರೆ ಅದರ ತುದಿಯ ಏರೇಟರನ್ನು ತಿರುಗಿಸಿ ತೆಗೆದು ತೊಳೆಯುವುದು. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಇದರ ಜಾಲರಿಗೆ ಬಿಳಿಯ ಪದರ ಕಟ್ಟಿರುತ್ತದೆ. ಒಂದು ರಾತ್ರಿ ವಿನಿಗರ್‌ನಲ್ಲಿ ಅಥವಾ ನಿಂಬೆರಸದಲ್ಲಿ ನೆನೆಸಿದರೆ ಕರಗುತ್ತದೆ. ಏರೇಟರನ್ನು ತೆಗೆದು ಎಸೆಯಬಾರದು. 2024ರ ಬೇಸಿಗೆಯ ಕೊರತೆಯ ಕಾಲದಲ್ಲಿ ಮಂಡಳಿಯು ವಾಣಿಜ್ಯ ಸಂಸ್ಥೆಗಳಿಗೆ ಇದನ್ನು ಕಡ್ಡಾಯಗೊಳಿಸಿದ್ದುದು ನೀರಿನ ಉಳಿತಾಯಕ್ಕಾಗಿಯೇ.

ಎಲ್ಲ ನಲ್ಲಿಗಳಲ್ಲಿಯೂ ಒಮ್ಮೆಗೇ ನೀರು ನಿಂತಿದ್ದು, ತೊಟ್ಟಿ ತುಂಬಿದ್ದರೆ, ಮೊದಲು ತೊಟ್ಟಿಯ ಬಳಿಯ ಗೇಟ್ ವಾಲ್ವ್ ಪೂರ್ತಿ ತೆರೆದಿದೆಯೇ ನೋಡುವುದು. ತೊಟ್ಟಿಯನ್ನು ತೊಳೆಸಿದ ಅಥವಾ ಅದು ಪೂರ್ತಿ ಖಾಲಿಯಾದ ಮರುದಿನ ಹೀಗಾದರೆ ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿದೆ ಎಂದರ್ಥ. ತೊಟ್ಟಿಯನ್ನು ತುಂಬಿಸಿ, ಅತ್ಯಂತ ಕೆಳಗಿನ ನಲ್ಲಿಯನ್ನು ಮೊದಲು ಪೂರ್ತಿ ತೆರೆದು, ನಂತರ ಮೇಲಿನವನ್ನು ಒಂದೊಂದಾಗಿ ತೆರೆದು ಕೆಲವು ನಿಮಿಷ ಬಿಟ್ಟರೆ ಗಾಳಿ ಬುಳುಬುಳು ಸದ್ದಿನೊಂದಿಗೆ ಹೊರಬೀಳುತ್ತದೆ. ಪದೇ ಪದೇ ಹೀಗಾಗುವ ಮನೆಗಳಲ್ಲಿ ಗೇಟ್ ವಾಲ್ವಿನ ನಂತರ ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರವಾದ ಗಾಳಿ ಪೈಪೊಂದನ್ನು ನಿಲ್ಲಿಸುವುದು ಶಾಶ್ವತ ಪರಿಹಾರ. ಗಾಳಿ ಬಿಡಿಸಲೆಂದು ಮಂಡಳಿಯ ನೇರ ನಲ್ಲಿಗೂ ತೊಟ್ಟಿಯ ನಲ್ಲಿಗೂ ರಬ್ಬರ್ ಪೈಪು ಕಟ್ಟುವುದನ್ನು ಮಾಡಬಾರದು. ಸರಬರಾಜು ನಿಂತೊಡನೆ ತೊಟ್ಟಿಯ ನೀರು ಸಾರ್ವಜನಿಕ ಕೊಳವೆಗೆ ಹಿಂದಿರುಗಬಹುದು.

ನೆಲಮಹಡಿಯಲ್ಲಿ ನೀರು ಚೆನ್ನಾಗಿದ್ದು ಕೊನೆಯ ಮಹಡಿಯಲ್ಲಿ ಮಾತ್ರ ಸಣ್ಣಗಿದ್ದರೆ ಅದು ದೋಷವಲ್ಲ, ಎತ್ತರದ ಲೆಕ್ಕ. ಪ್ರತಿ 10 ಮೀಟರ್ ಎತ್ತರಕ್ಕೆ ದೊರೆಯುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕಿ.ಗ್ರಾಂ. ಷವರಿಗಿಂತ 1 ಮೀಟರ್ ಮಾತ್ರ ಮೇಲಿರುವ ತೊಟ್ಟಿಯಿಂದ ಅದರ ಹತ್ತನೆಯ ಒಂದು ಭಾಗ ದೊರೆಯುತ್ತದೆ. ತೊಟ್ಟಿಯನ್ನು ಎತ್ತರಿಸುವುದು ಅಥವಾ ಇಳಿಯುವ ಪೈಪನ್ನು ದಪ್ಪಗೊಳಿಸುವುದು ಉಪಾಯ. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಹರಿವು ಕಡಿಮೆಯಿದ್ದರೆ ಸೋಲಾರ್ ಹೀಟರಿನ ಪೈಪಿನಲ್ಲಿ ಗಾಳಿ ಅಥವಾ ಸುಣ್ಣದ ಪದರವಿರುತ್ತದೆ. ಗಡಸು ನೀರು ಕಾದಷ್ಟೂ ಪದರ ಬೇಗ ಕಟ್ಟುತ್ತದೆ.

ಹರಿವು ಕಡಿಮೆಯಾಗಿ ನೀರಿನ ಬಣ್ಣ, ವಾಸನೆಯೂ ಬದಲಾಗಿದ್ದರೆ

ಇದನ್ನು ಬೇರೆ ದೂರುಗಳಂತೆ ಭಾವಿಸದೆ ತಕ್ಷಣ ತಿಳಿಸತಕ್ಕದ್ದು. ಹರಿವು ಕುಸಿಯುವುದು ಮತ್ತು ಚರಂಡಿಯ ವಾಸನೆ ಒಟ್ಟಿಗೆ ಕಂಡುಬಂದರೆ ಕೊಳವೆ ಒಡೆದು ಕೊಳಚೆ ಸೇರಿರುವ ಶಂಕೆಗೆ ಆಸ್ಪದವಿದೆ. ಸಂಪಿನ ಒಳಬಾಯಿಯ ವಾಲ್ವನ್ನು ಮುಚ್ಚಿ, ಆ ನೀರನ್ನು ಕುದಿಸಿಯೂ ಕುಡಿಯದೆ, ನೆರೆಹೊರೆಯವರಿಗೂ ತಿಳಿಸಬೇಕು. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಶೇಷ ಕ್ಲೋರಿನ್ ಇರಬೇಕು. ಸ್ಥಳಕ್ಕೆ ಬಂದ ಸಿಬ್ಬಂದಿಯನ್ನು ಇದರ ಪರೀಕ್ಷೆ ನಡೆಸುವಂತೆ ಗ್ರಾಹಕರು ಕೇಳಬಹುದು. ದುರಸ್ತಿಯ ನಂತರ ಸಂಪು ಮತ್ತು ಮೇಲ್ತೊಟ್ಟಿಗಳನ್ನು ಖಾಲಿ ಮಾಡಿ ತೊಳೆಸದೆ ಬಳಕೆ ಆರಂಭಿಸಬಾರದು.

ದೂರು ಸಲ್ಲಿಸುವ ವಿಧಾನ

ಮಂಡಳಿಯ ದೂರವಾಣಿ ಸಂಖ್ಯೆ 1916ಕ್ಕೆ ಕರೆ ಮಾಡಿ ಅಥವಾ ಬಡಾವಣೆಯ ಸೇವಾ ಠಾಣೆಯಲ್ಲಿ ದೂರು ದಾಖಲಿಸಬಹುದು. ನೀರಿನ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ, ನೀರು ಬಿಡುವ ದಿನ ಮತ್ತು ವೇಳೆ, ಬಕೆಟ್ ಪರೀಕ್ಷೆಯ ಅಂಕಿ, ನೆರೆಮನೆಗಳ ಸ್ಥಿತಿ, ಹತ್ತಿರದಲ್ಲಿ ಅಗೆತ ನಡೆದಿದ್ದರೆ ಅದರ ಸ್ಥಳ ಇವುಗಳನ್ನು ತಿಳಿಸಿದಲ್ಲಿ ಸಿಬ್ಬಂದಿಯು ಸರಿಯಾದ ಸಾಮಗ್ರಿಯೊಂದಿಗೆ ಬರಲು ಅನುಕೂಲವಾಗುತ್ತದೆ. ದೂರಿನ ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳುವುದು. ಪರಿಹಾರ ದೊರೆಯದಿದ್ದಲ್ಲಿ ಅದೇ ಸಂಖ್ಯೆಯನ್ನು ಉಲ್ಲೇಖಿಸಿ ಸಂಬಂಧಪಟ್ಟ ಉಪವಿಭಾಗದ ಸಹಾಯಕ ಕಾರ್ಯಪಾಲಕ ಅಭಿಯಂತರರಿಗೆ ಲಿಖಿತವಾಗಿ ಅಥವಾ ನೀರಿನ ಅದಾಲತ್‌ನಲ್ಲಿ ಮನವಿ ಸಲ್ಲಿಸಬಹುದು. ಸಂಪರ್ಕದ ಪೈಪು ಬದಲಾಯಿಸಬೇಕಾದಲ್ಲಿ ಪರವಾನಗಿ ಪಡೆದ ಪ್ಲಂಬರ್ ಮೂಲಕವೇ ಅರ್ಜಿ ಸಲ್ಲಿಸುವುದು. ರಸ್ತೆ ಅಗೆಯಲು ಅನುಮತಿ ದೊರೆಯುವವರೆಗೆ ಕಾಮಗಾರಿ ಆರಂಭಿಸತಕ್ಕದ್ದಲ್ಲ.