ಗಡಿ ದಾಟಿ ಬಂದ ಪತ್ರಿಕೆ

ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಮೈಂದರ್ಗಿ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕರ್ನಾಟಕದ ಹೊರಗುಳಿಯಿತು. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದಿತು. ಅದು ಕಡತದಲ್ಲೇ ಉಳಿಯಿತು.

ಗಡಿ ಸರಿಯದಿದ್ದರೂ ಕನ್ನಡ ಪತ್ರಿಕೆ ಗಡಿ ದಾಟಿ ಬರುತ್ತಿತ್ತು. ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದುವರು. ಮರಾಠಿ ಶಾಲೆ ಕಲಿತ ರೈತರು ಸುತ್ತ ಕೂತು ಪೇಟೆಧಾರಣೆ ಕೇಳುವರು. ನಾನು ಕನ್ನಡ ಅಕ್ಷರ ಕಲಿತದ್ದೂ ಅಲ್ಲಿಯೇ. ಆದರೆ ಆ ಹಾಳೆಗಳಲ್ಲಿ ನಮ್ಮೂರ ಮದುವೆ, ಸಾವು, ಅಂಗಡಿಯ ಜಾಹೀರಾತು ಕಾಣುತ್ತಿರಲಿಲ್ಲ.

ದೂರದ ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಿನ ಮೆಕ್ಸಿಕೋ ವಲಸಿಗರಿಗಾಗಿ 'ಲಾ ಒಪಿನಿಯೋನ್' ದಿನಪತ್ರಿಕೆ 1926ರಲ್ಲಿ ಹುಟ್ಟಿದ್ದು ಅವರು ನೆಲೆಸಿದ ಲಾಸ್ ಏಂಜಲೀಸ್‌ನಲ್ಲೇ. ನಮಗೆ ಬೇಕಾದದ್ದೂ ಅಂಥದೇ. ಕನ್ನಡವಾಡುವ ನಮ್ಮ ಮೊಮ್ಮಕ್ಕಳು ತಮ್ಮೂರ ಹೆಸರನ್ನು ಕನ್ನಡ ಅಚ್ಚಿನಲ್ಲಿ ಕಂಡರೆ ತಾನೇ ಓದಲು ಕೂಡುವರು!